ವಿಕ್ಸಮ್‌ನ ಮೆಟ್ಟಿಲುಗಳ ಮೇಲೆ ಲೂನಿ ನದಿ

ಡೆಸ್ ಪ್ಲೇನ್ಸ್

ಮುಳ್ಳಿನ ತುದಿಯಲ್ಲಿ ಒಂದು ಹರಳು ಕೂತಿತ್ತು. ಸಾಸಿವೆ ಕಾಳಿಗಿಂತ ಚಿಕ್ಕದು, ಆದರೆ ಚಚ್ಚೌಕ, ಯಾರೋ ಅಂಚು ಕತ್ತರಿಸಿ ಇಟ್ಟ ಹಾಗೆ. ಫೋನಿನ ಪರದೆಯ ಮೇಲೆ ಎರಡು ಬೆರಳಿಟ್ಟು ಹಿಗ್ಗಿಸಿದರೆ ಅದರೊಳಗೆ ದೀಪದ ಪುಟ್ಟ ಪ್ರತಿಬಿಂಬವೂ ಕಾಣುತ್ತಿತ್ತು.

ಚಿತ್ರದ ಕೆಳಗೆ ಸುಮಂಗಲಾ ಬರೆದಿದ್ದಳು: "ನಮ್ಮನಿ ಬೇಸ್‌ಮೆಂಟಿನಾಗ ಉಪ್ಪು ಬೆಳೀಲಿಕ್ಕೆ ಸುರು ಆತು. ಲಗೂ ಬಾ."

ನಾನು ಆಗ ಶಿಕಾಗೋ ವಿಮಾನ ನಿಲ್ದಾಣದ ಪಕ್ಕದ ಡೆಸ್ ಪ್ಲೇನ್ಸ್‌ನಲ್ಲಿ, ಅಮ್ಮನ ಗೆಳತಿ ವಸುಧಾ ಆಂಟಿಯ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದೆ. ಹರಳು ನೋಡಿ ನನಗೆ ಮೊದಲು ಬಂದದ್ದು ಸಂತೋಷವಲ್ಲ. ಮುಳ್ಳಿನ ಮೇಲೆ ಉಪ್ಪು ಬೆಳೆಸುವ ಉಪಾಯ ನನಗೂ ಗೊತ್ತಿತ್ತು. ಅದರ ಬಗ್ಗೆ ಅಡಿಟಿಪ್ಪಣಿ ಸಮೇತ ಬರೆದಿದ್ದೆ. ಆದರೆ ಒಂದು ಬಟ್ಟಲಿಗೆ ಉಪ್ಪುನೀರು ಹಾಕಿ, ಒಂದು ಮುಳ್ಳುಕಡ್ಡಿ ಇಟ್ಟು, ಮನೆಯಲ್ಲೇ ನೋಡಬಹುದೆಂದು ಒಮ್ಮೆಯೂ ಹೊಳೆದಿರಲಿಲ್ಲ.

ನಾನು ಕೆಲಸ ಮಾಡಿದ್ದು ಲೂನಿ ನದಿಯ ಮೇಲೆ. ಅಜ್ಮೀರದ ಹತ್ತಿರ ಅರಾವಳಿ ಬೆಟ್ಟಗಳಲ್ಲಿ ಹುಟ್ಟಿ, ಥಾರ್ ಮರುಭೂಮಿಯ ಅಂಚಿನಲ್ಲಿ ನೈಋತ್ಯಕ್ಕೆ ಹರಿದು, ಸಮುದ್ರ ಮುಟ್ಟದೆ ಕಚ್ಛದ ರಣ್ ಎಂಬ ಉಪ್ಪಿನ ಬಯಲಿನಲ್ಲಿ ಕರಗಿಹೋಗುವ ನದಿ ಅದು. ವರ್ಷದ ಬಹುಪಾಲು ಅದರಲ್ಲಿ ಮರಳೇ ಇರುತ್ತದೆ. ಬಾಲೋತ್ರಾ ಎಂಬ ಊರಿನವರೆಗೆ ಅದರ ನೀರು ಸಿಹಿ, ಅಲ್ಲಿಂದ ಮುಂದೆ ಉಪ್ಪು. ಬಾಲೋತ್ರಾದ ಬಳಿಯ ಪಚಪದ್ರಾದಲ್ಲಿ ಉಪ್ಪು ತೆಗೆಯುವವರು ಉಪ್ಪುನೀರಿನ ಗುಂಡಿಗೆ ಮುಳ್ಳಿನ ಕೊಂಬೆ ಇಳಿಬಿಟ್ಟು ಅದರ ಮೇಲೆ ಹರಳುಗಟ್ಟಲು ಬಿಡುತ್ತಾರೆ.

ಧಾರವಾಡದಲ್ಲಿ ಭೂಗೋಳಶಾಸ್ತ್ರ ಓದುವಾಗ ನಾನೂ ಸುಮಂಗಲಾಳೂ ಒಬ್ಬರೇ ಮಾರ್ಗದರ್ಶಕರ ಕೈಕೆಳಗೆ ಈ ನದಿಯನ್ನು ಹಂಚಿಕೊಂಡಿದ್ದೆವು. ಅಂದರೆ ಅವರು ಹಂಚಿಕೊಟ್ಟರು. "ಮೇಲಿನ ಭಾಗದಲ್ಲಿ ಬಾವಿಗಳಿವೆ, ಅಣೆಕಟ್ಟುಗಳಿವೆ, ಅಳೆಯುವುದು ಬಹಳ. ವೀಣಾ ಮಾಡಲಿ. ಕೆಳಗೆ ಅಳೆಯಲಿಕ್ಕೇನೂ ಇಲ್ಲ, ಜನರನ್ನು ಹುಡುಕಿ ಮಾತಾಡಿಸಬೇಕು. ಅದು ಸುಮಂಗಲಾಗೆ." ಹೀಗೆ ಸಿಹಿನೀರು ನನಗೆ ಬಂತು, ಉಪ್ಪುನೀರು ಅವಳಿಗೆ. ಅನ್ಯಾಯವಾದದ್ದು ನನಗೇ ಎಂದು ತಿಳಿಯಲು ನನಗೆ ಒಂದು ಚಳಿಗಾಲ ಬೇಕಾಯಿತು. ನದಿ ಎಲ್ಲಿ ಹುಟ್ಟುತ್ತದೆ ಎಂದು ಯಾರೂ ನನ್ನನ್ನು ಕೇಳುವುದಿಲ್ಲ. ಎಲ್ಲರೂ ಕೇಳುವುದು ಒಂದೇ: ಸಮುದ್ರಕ್ಕೆ ಹೋಗದಿದ್ದರೆ ಅದು ಎಲ್ಲಿ ಮುಗಿಯುತ್ತದೆ?

ಮುಗಿಯುವುದನ್ನು ನೋಡಿದವಳು ಸುಮಂಗಲಾ. ಅವಳು ಪ್ರಬಂಧ ಬರೆಯುವ ಮೊದಲೇ ಮದುವೆಯಾಗಿ ಮಿಶಿಗನ್ನಿಗೆ ಬಂದಳು. ಫೋಟೋಗಳನ್ನೂ ಬರೆದಿಟ್ಟದ್ದನ್ನೂ ನನಗೆ ಕಳಿಸಿದಳು, ಅಲ್ಲಿ ನಡೆದ ದಿನಗಳಲ್ಲೇ ಫೋನಿನಲ್ಲಿ ಎಲ್ಲವನ್ನೂ ಹೇಳಿದ್ದಳು. ಈಗ ನನ್ನ ಪುಸ್ತಕ ಅಚ್ಚಿಗೆ ಸಿದ್ಧವಾಗಿತ್ತು. ಬಾಕಿ ಉಳಿದದ್ದು ಭೂಪಟ ಒಂದೇ. ಅದರಲ್ಲಿ ನದಿಯನ್ನು ನಾನು ಹುಟ್ಟಿನಿಂದ ರಣ್‌ವರೆಗೆ ಒಂದೇ ಗೆರೆಯಲ್ಲಿ ಎಳೆದಿದ್ದೆ. ಕೊನೆಯ ಅಧ್ಯಾಯವನ್ನೂ ಹಾಗೆಯೇ ಬರೆದಿದ್ದೆ, ಒಂದೇ ಜೋಡಿ ಕಾಲು ಇಡೀ ನದಿಯನ್ನು ನಡೆದ ಹಾಗೆ. ಶಿಕಾಗೋದ ಒಂದು ಗ್ರಂಥಾಲಯದಲ್ಲಿ ಲೂನಿಯ ಹಳೆಯ ಪಟವೊಂದನ್ನು ನೋಡಲು ಸಣ್ಣ ಸಹಾಯಧನ ಸಿಕ್ಕಿತ್ತು. ಅದು ಮುಗಿದ ಮೇಲೆ ದಸರಾಕ್ಕೆ ಸುಮಂಗಲಾಳ ಮನೆಗೆ ಹೋಗಿ, ಆ ಅಧ್ಯಾಯಕ್ಕೆ ಅವಳ ಒಪ್ಪಿಗೆ ಕೇಳುವುದು ನನ್ನ ಯೋಜನೆ. ಪ್ರಕಾಶಕರು ದಸರಾ ಮುಗಿದ ಕೂಡಲೇ ಪಟ ಕಳಿಸಿ ಎಂದಿದ್ದರು.

ಸಂಜೆ ವಸುಧಾ ಆಂಟಿ ಆಸ್ಪತ್ರೆಯ ಕೆಲಸ ಮುಗಿಸಿ ಬಂದು ನನ್ನನ್ನು ಅವರೂರಿನ ನದಿ ತೋರಿಸಲು ಕರೆದೊಯ್ದರು. ಊರಿನ ಹೆಸರೇ ನದಿಗೂ. ಕಂದು ಬಣ್ಣದ ನೀರು, ದಡ ಮುಟ್ಟುವಷ್ಟು, ಯಾವ ಶ್ರಮವೂ ಇಲ್ಲದೆ ಹೋಗುತ್ತಿತ್ತು. ಅದರ ಮೇಲೆ ಬಾತುಕೋಳಿಗಳು, ಹಳದಿ ಎಲೆಗಳು.

"ಮಳೆ ಜೋರಾದ್ರೆ ಇದು ಸೀದಾ ಬೇಸ್‌ಮೆಂಟಿಗೇ ಬರತ್ತೆ. ಎರಡ್ ಸಲ ಕಾರ್ಪೆಟ್ ಕಿತ್ತು ಹಾಕಿದೀವಿ," ಎಂದರು ಆಂಟಿ. ದೂರಿನಂತೆ ಹೇಳಿದರೂ ದನಿಯಲ್ಲಿ ಮನೆ ಮಗನ ತಂಟೆ ಹೇಳುವ ಸಲಿಗೆ ಇತ್ತು. "ನಿಮ್ಮ ನದಿಯಲ್ಲಿ ನೀರೇ ಇರಲ್ಲ ಅಂತೀಯ. ಮತ್ತೆ ಅದನ್ನ ನದಿ ಅಂತ ಹೆಂಗೆ ಹೇಳ್ತೀರಮ್ಮ?"

"ಮಳೆಗಾಲದಲ್ಲಿ ಕೆಲವು ದಿನ ಬರುತ್ತೆ ಆಂಟಿ."

"ಓ, ನಮ್ಮ ದಾವಣಗೆರೆ ನಾದಿನಿ ಥರ. ಬಂದಾಗ ಮನೆ ತುಂಬ, ಹೋದ್ಮೇಲೆ ಫೋನೂ ಇಲ್ಲ."

ನಾನು ನಕ್ಕೆ. ಆದರೆ ಆ ಬಾತುಕೋಳಿಗಳ ಮೇಲೂ ನನಗೆ ಹೊಟ್ಟೆಕಿಚ್ಚಾಗಿತ್ತು ಎಂಬುದನ್ನು ಇಲ್ಲಿ ಬರೆಯಬಹುದು, ಆಂಟಿಗೆ ಹೇಳಲಾಗಲಿಲ್ಲ.

ಶಿಕಾಗೋ, ಪಟಗಳ ಕೋಣೆ

ಗ್ರಂಥಾಲಯದಲ್ಲಿ ಚೀಲ, ಕೋಟು, ಪೆನ್ನು ಎಲ್ಲವನ್ನೂ ಕೆಳಗಿನ ಪೆಟ್ಟಿಗೆಯಲ್ಲಿಟ್ಟು ಬರಿಗೈಯಲ್ಲಿ ಮೇಲೆ ಹೋಗಬೇಕು. ಅಲ್ಲಿ ಅವರೇ ಪೆನ್ಸಿಲ್ ಕೊಡುತ್ತಾರೆ. ಮಾತಾಡುವವರು ಪಿಸುಗುಟ್ಟುವುದಿಲ್ಲ, ಮೆಲ್ಲಗೆ ಮಾತಾಡುತ್ತಾರೆ. ಎರಡಕ್ಕೂ ವ್ಯತ್ಯಾಸವಿದೆ ಎಂದು ನನಗೆ ಅಲ್ಲಿ ತಿಳಿಯಿತು. ಬಿಳಿ ಕೂದಲಿನ ಗ್ರಂಥಪಾಲಕಿ ಒಬ್ಬರು ದೊಡ್ಡ ಹಲಗೆಯಂಥದ್ದನ್ನು ಎರಡೂ ಕೈಯಲ್ಲಿ ಹಿಡಿದು ತಂದು, "ನಿಮ್ಮ ನದಿ ಬಂತು," ಎಂದರು ಇಂಗ್ಲಿಷಿನಲ್ಲಿ. ಪಟದ ಅಂಚು ಸುರುಳಿಯಾಗದಂತೆ ಬಟ್ಟೆಯೊಳಗೆ ಸೀಸದ ಗುಂಡು ತುಂಬಿದ ಉದ್ದನೆಯ ಹಾವುಗಳಂಥವನ್ನು ಅದರ ಮೇಲೆ ಮಲಗಿಸಿದರು. ನಮ್ಮಲ್ಲಿ ಕಚೇರಿಯೊಂದರಲ್ಲಿ ಇಂಥದೇ ಪಟದ ಮೇಲೆ ಚಹಾದ ಲೋಟದ ಗುರುತು ನೋಡಿದ್ದೆ. ನಮ್ಮ ಮರಳಿನ ನದಿಗೆ ಇಲ್ಲಿ ಹಾಸಿಗೆ ಹಾಸಿ, ತಂಪಿನ ಕೋಣೆ ಕೊಟ್ಟಿದ್ದರು. ನನಗೆ ಆ ಕೋಣೆಯ ಮೇಲೂ ಹೊಟ್ಟೆಯುರಿಯಿತು.

ಪಟ ಹತ್ತೊಂಬತ್ತನೇ ಶತಮಾನದ್ದು, ಒಬ್ಬ ಬ್ರಿಟಿಷ್ ಸರ್ವೇ ಅಧಿಕಾರಿ ಮಾಡಿದ್ದು. ಅವನಂಥವರು ಈ ನದಿಯನ್ನು ಕಂಡುಹಿಡಿದರು ಎಂದು ಪುಸ್ತಕಗಳು ಹೇಳುತ್ತಿದ್ದ ಕಾಲ ಒಂದಿತ್ತು. ಉಪ್ಪು ಹೊತ್ತ ಎತ್ತುಗಳ ಜೊತೆ ಬಂಜಾರರು ಅದೇ ದಾರಿಯಲ್ಲಿ ಎಷ್ಟೋ ತಲೆಮಾರು ಓಡಾಡಿದ್ದರು, ಆದರೆ ಅವರು ಗೆರೆ ಎಳೆಯಲಿಲ್ಲ. ಅಧಿಕಾರಿಗಳು ಚಳಿಗಾಲದಲ್ಲಿ ಬರುತ್ತಿದ್ದರು. ಆಗ ನೀರಿರುವುದಿಲ್ಲ. ಚಕ್ರ ಉರುಳಿಸಿ ದೂರ ಅಳೆಯುತ್ತಾ ಒಣ ಮರಳಿನಲ್ಲೇ ನಡೆದು, ದಡ ನೋಡಿ ನದಿ ಎಷ್ಟು ಅಗಲ ಇದ್ದೀತು ಎಂದು ಅಂದಾಜು ಮಾಡುತ್ತಿದ್ದರು. ಇವತ್ತಿಗೂ ನಮ್ಮ ಸರ್ವೇ ಪಟಗಳಲ್ಲಿ ವರ್ಷವಿಡೀ ನೀರಿರುವ ನದಿಗೆ ನೀಲಿ, ಒಣಗುವ ಹೊಳೆಗೆ ಕಪ್ಪು. ನನ್ನ ನದಿ ಬಹುತೇಕ ಕಪ್ಪು.

ಈ ಅಧಿಕಾರಿಯ ಗೆರೆ ಬೆಟ್ಟದಿಂದ ಇಳಿದು, ಹಳ್ಳಿಗಳನ್ನು ದಾಟಿ, ಕೂದಲೆಳೆಯಷ್ಟು ನಯವಾಗಿ ಬಂದು, ಕೆಳಗೆ ಒಂದು ಹಳ್ಳಿಯ ಹತ್ತಿರ ಥಟ್ಟನೆ ಬದಲಾಗಿತ್ತು. ಅಲ್ಲಿಂದ ಮುಂದೆ ಬರೀ ಚುಕ್ಕೆಗಳು. ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಅದಕ್ಕೆ ಕಾರಣವನ್ನೂ ಬರೆದಿದ್ದ: ಇಲ್ಲಿಂದಾಚೆ ತಾನು ಹೋಗಿಲ್ಲ, ಆ ಕಡೆಯ ಜನ ಹೇಳಿದ್ದನ್ನು ಕೇಳಿ ಎಳೆದದ್ದು.

ನಾನು ಪೆನ್ಸಿಲ್ ಕೆಳಗಿಟ್ಟು ಆ ಚುಕ್ಕೆಗಳನ್ನು ನೋಡುತ್ತಾ ಕೂತೆ. ಅವನಿಗೆ ನೀರು ಹೊರಲು ಆಳುಗಳಿದ್ದರು, ಕುದುರೆ ಇತ್ತು, ಹಿಂದೆ ಒಂದು ಸರ್ಕಾರವೇ ಇತ್ತು. ಅವ್ಯಾವುದರ ಮೇಲೂ ನನಗೆ ಅಸೂಯೆ ಬರಲಿಲ್ಲ. ನಾನು ಹೋಗಿಲ್ಲ ಎಂದು ಅಷ್ಟು ಸಣ್ಣ ಅಕ್ಷರದಲ್ಲಿ, ಅಷ್ಟು ಸಲೀಸಾಗಿ ಬರೆದನಲ್ಲ, ಅದರ ಮೇಲೆ ಬಂತು.

ರೈಲು

ಶಿಕಾಗೋದಿಂದ ರೈಲು ಹೊರಟ ಮೇಲೆ ಕಂಡಕ್ಟರ್ ಬಂದು ಪ್ರತಿಯೊಬ್ಬರ ತಲೆಯ ಮೇಲೆ, ಸಾಮಾನಿಡುವ ಹಲಗೆಯ ಅಂಚಿಗೆ, ಒಂದೊಂದು ಚೀಟಿ ಸಿಕ್ಕಿಸುತ್ತಾನೆ. ಅದರಲ್ಲಿ ನಾವು ಇಳಿಯುವ ಊರಿನ ಗುರುತು. ಊರು ಬಂದಾಗ ಅವನೇ ಬಂದು ಚೀಟಿ ನೋಡಿ ಎಬ್ಬಿಸುತ್ತಾನೆ. ನಮ್ಮಲ್ಲಿ ಪಕ್ಕದವರು ಮಾಡುವ ಕೆಲಸ ಇದು. "ಹುಬ್ಳಿ ಬಂತ್ರಿ, ಏಳ್ರಿ," ಎಂದು ಗುರುತಿಲ್ಲದವರು ಮೊಣಕಾಲು ತಟ್ಟುತ್ತಾರೆ. ಇಲ್ಲಿ ಪಕ್ಕದ ಹುಡುಗಿ ನಾನು ಕೂತಾಗ ಒಮ್ಮೆ ಮುಗುಳ್ನಕ್ಕು ಕಿವಿಗೆ ಹೆಡ್‌ಫೋನ್ ಹಾಕಿಕೊಂಡವಳು ಮತ್ತೆ ನನ್ನ ಕಡೆ ನೋಡಲಿಲ್ಲ. ನನಗೆ ಅದೇನೂ ಬೇಸರವಲ್ಲ, ನಾನೂ ಮಾತಾಡುವವಳಲ್ಲ.

ಕಿಟಕಿಯಾಚೆ ಮಿಶಿಗನ್ ಸರೋವರದ ದಂಡೆಯ ಮರಳುಗುಡ್ಡಗಳು ಮರಗಳ ನಡುವೆ ಆಗಾಗ ಕಾಣುತ್ತಿದ್ದವು. ಅಷ್ಟು ಮರಳು, ಅದರ ಪಕ್ಕದಲ್ಲೇ ಕಣ್ಣು ಮುಟ್ಟುವವರೆಗೆ ಸಿಹಿನೀರು. ಒಂದೇ ಕಡೆ ಎರಡನ್ನೂ ಇಟ್ಟುಕೊಂಡ ದೇಶ.

ಆನ್ ಆರ್ಬರ್‌ನಲ್ಲಿ ಇಳಿಯಬೇಕಿತ್ತು. ಕೈಗಡಿಯಾರ ನೋಡಿ, ಇನ್ನೂ ಒಂದು ಗಂಟೆಯಿದೆ ಎಂದುಕೊಂಡು, ಶೂ ಬಿಚ್ಚಿ ಕಾಲು ಮಡಚಿ ಕೂತು ಭೂಪಟದ ಕರಡು ತೆರೆದಿದ್ದೆ. ಕಂಡಕ್ಟರ್ ಬಂದು ತಲೆಯ ಮೇಲಿನ ಚೀಟಿ ಕಿತ್ತು, "ಇದು ನಿಮ್ಮದೇ, ಮ್ಯಾಡಮ್," ಎಂದ. ಮಿಶಿಗನ್ನಿನ ಗಡಿಯಾರ ಶಿಕಾಗೋದಕ್ಕಿಂತ ಒಂದು ಗಂಟೆ ಮುಂದೆ. ರೇಖಾಂಶ, ಕಾಲವಲಯ ಎಲ್ಲವನ್ನೂ ತರಗತಿಯಲ್ಲಿ ಪಾಠ ಮಾಡುವವಳು ನಾನು. ಒಂದು ಕೈಯಲ್ಲಿ ಲ್ಯಾಪ್‌ಟಾಪ್, ಇನ್ನೊಂದರಲ್ಲಿ ಎಡಗಾಲಿನ ಶೂ ಹಿಡಿದು ಪ್ಲಾಟ್‌ಫಾರ್ಮಿಗೆ ಇಳಿದೆ.

ಸುಮಂಗಲಾ ಅಲ್ಲೇ ನಿಂತಿದ್ದಳು. ನನ್ನ ಕೈಯನ್ನೂ ಕಾಲನ್ನೂ ನೋಡಿದಳು.

"ಏನಲೇ ಇದು, ಡಾಕ್ಟರ್ ವೀಣಾ? ಅಳದು ಅಳದು ಹೆಜ್ಜಿ ಇಡಾಕಿ, ಅಮೇರಿಕಾಕ್ಕ ಬಂದು ಒಂದs ಕಾಲಿಗೆ ಬೂಟು?"

ಅವಳು ಸ್ವಲ್ಪ ದಪ್ಪಗಾಗಿದ್ದಳು, ಕೂದಲು ಗಿಡ್ಡ ಮಾಡಿಸಿದ್ದಳು. ನಗು ಮಾತ್ರ ಹಾಗೆಯೇ, ಸುತ್ತ ಇದ್ದವರು ತಿರುಗಿ ನೋಡುವಂಥದು.

ವಿಕ್ಸಮ್, ಅಷ್ಟಮಿ

ಅವಳ ಮನೆಯಿರುವ ಬಡಾವಣೆಯಲ್ಲಿ ಆ ತಿಂಗಳು, ಅಲ್ಲಿಯವರ ದೆವ್ವಗಳ ಹಬ್ಬಕ್ಕೆಂದು, ಎಲ್ಲರ ಅಂಗಳದಲ್ಲೂ ಪ್ಲಾಸ್ಟಿಕ್ ಅಸ್ಥಿಪಂಜರಗಳು. ಒಂದು ಕುರ್ಚಿಯಲ್ಲಿ ಕೂತಿತ್ತು, ಇನ್ನೊಂದು ಮರ ಹತ್ತುತ್ತಿತ್ತು, ಮೂರನೆಯದು ಅಸ್ಥಿಪಂಜರದ ನಾಯಿಯನ್ನು ಹಿಡಿದುಕೊಂಡಿತ್ತು. ಬಾಗಿಲು ತೆರೆದ ಸುಮಂಗಲಾಳ ಅತ್ತೆ ಶಾರದಮ್ಮ ನಾನು ಅವನ್ನೇ ನೋಡುತ್ತಿದ್ದುದನ್ನು ಕಂಡರು.

"ಅವರು ಹೊರಗೆ ಕೂರಿಸ್ತಾರೆ, ನಾವು ಒಳಗೆ ಕೂರಿಸ್ತೀವಿ. ಬಾಮ್ಮ, ಬಾ. ಕೈಕಾಲು ತೊಳ್ಕೊಂಡು ಮೊದ್ಲು ಗೊಂಬೆ ನೋಡು. ನಿನ್ನ ಗೆಳತಿ ಏನೇನ್ ಮಾಡಿದಾಳೆ ಅಂತ ನೀನೇ ಹೇಳು."

ಮೈಸೂರಿನವರಾದ ಶಾರದಮ್ಮ ಮಗನ ಮನೆಗೆ ಬಂದಾಗಲೆಲ್ಲ ದಸರಾ ಗೊಂಬೆ ಕೂರಿಸುತ್ತಾರೆ. ಧಾರವಾಡದ ಕಡೆಯ ನಮಗೆ ಬನ್ನಿ ಗೊತ್ತು, ಗೊಂಬೆ ಅಷ್ಟು ಗೊತ್ತಿಲ್ಲ. ಬೇಸ್‌ಮೆಂಟಿಗೆ ಇಳಿದು ನೋಡಿದೆ. ಬಿಳಿ ಬಟ್ಟೆ ಹೊದಿಸಿದ ಮೆಟ್ಟಿಲುಗಳು. ಎಲ್ಲಕ್ಕಿಂತ ಮೇಲೆ ಪಟ್ಟದ ಗೊಂಬೆಗಳಾದ ರಾಜ ರಾಣಿ, ಅವರ ಪಕ್ಕದಲ್ಲಿ ಕಲಶ. ಅವರ ಹಿಂದೆ ಕಂದು ಕಾಗದದ ಅರಾವಳಿ ಬೆಟ್ಟ. ಅಲ್ಲಿಂದ ಒಂದು ನೀಲಿ ರೇಷ್ಮೆಯ ಪಟ್ಟಿ ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಳಿಯುತ್ತಾ ಬಂದಿತ್ತು. ಇಕ್ಕೆಲಗಳಲ್ಲಿ ಹಳ್ಳಿಗಳು, ಬಾವಿಗಳು, ಕುರಿಗಳು. ಗುಜರಿ ಅಂಗಡಿಯಲ್ಲಿ ಸಿಕ್ಕ ಕ್ರಿಸ್‌ಮಸ್ ಗೊಂಬೆಗಳ ಪೆಟ್ಟಿಗೆಯಿಂದ ಬಂದ ಮೂರು ಒಂಟೆಗಳು. ಟೊಪ್ಪಿ ಹಾಕಿದ ಒಬ್ಬ ಸರ್ವೇ ಸಾಹೇಬ. ಪ್ರತಿ ಗೊಂಬೆ ಮನೆಯಲ್ಲೂ ಅಕ್ಕಿ ಬೇಳೆ ಮುಂದಿಟ್ಟುಕೊಂಡು ಕೂರುವ ಶೆಟ್ಟಿ ಮತ್ತು ಶೆಟ್ಟಿತಿ ಇಲ್ಲಿ ಉಪ್ಪು ಮಾರುತ್ತಿದ್ದರು.

ಮೆಟ್ಟಿಲು ಬೆಸ ಸಂಖ್ಯೆಯಲ್ಲೇ ಇರಬೇಕು ಎಂಬುದು ಶಾರದಮ್ಮನವರ ನಿಯಮ. ಹಾಗಾಗಿ ಮೇಲಿನವು ನನ್ನ ಭಾಗ, ಕೆಳಗಿನವು ಸುಮಂಗಲಾಳ ಭಾಗ, ನಡುವಿನ ಒಂದು ಯಾರದ್ದೂ ಅಲ್ಲ. ಅದು ಬಾಲೋತ್ರಾ. ಅದರ ಮೇಲೆ ಗಾಜಿನ ಬಟ್ಟಲು, ಹಿತ್ತಲಿನ ಬೇಲಿಯಿಂದ ಕತ್ತರಿಸಿದ ಮುಳ್ಳುಕಡ್ಡಿ. ಪಾಡ್ಯದಂದು ಇಟ್ಟದ್ದು. ಈಗ ಒಂದೊಂದು ಮುಳ್ಳಿನ ತುದಿಯೂ ಬೆಳ್ಳಗಾಗಿತ್ತು. ಅಲ್ಲಿಂದ ಕೆಳಗೆ ಮೆಟ್ಟಿಲುಗಳ ತುಂಬ ಉಪ್ಪು. ಕೊನೆಯ ಮೆಟ್ಟಿಲು ಪೂರ್ತಿ ಬೆಳ್ಳಗೆ ಹೊಳೆಯುತ್ತಿತ್ತು, ಅಲ್ಲಿ ಒಂದೂ ಗೊಂಬೆ ಇರಲಿಲ್ಲ.

"ಇಷ್ಟು ಉಪ್ಪು ಎಲ್ಲಿಂದ ತಂದಿ?"

"ಈ ಕಡೆ ನೆಲದ ಕೆಳಗ ಎಲ್ಲಾ ಉಪ್ಪ ಐತಿ. ಡೆಟ್ರಾಯಿಟ್ ಊರಿನ ಬುಡದಾಗs ಉಪ್ಪಿನ ಗಣಿ ಐತಿ, ಗೊತ್ತೇನು? ಆದ್ರ ಇದು ಅಲ್ಲಿಂದಲ್ಲ. ಮನಿ ನೀರು ಮೆದು ಮಾಡೂ ಮಷೀನಿಗೆ ಹಾಕೂ ಉಪ್ಪು. ಟ್ಯಾಂಕಿನಿಂದ ತೋಡಿ ತಗದೆ."

"ಅದನ್ನೇ ಹೇಳ್ತಿರೋದು ನಾನು," ಎಂದರು ಶಾರದಮ್ಮ ಬೇಸ್‌ಮೆಂಟಿಗೆ ಇಳಿಯುವ ಮೆಟ್ಟಿಲ ಮೇಲಿನಿಂದ. "ಆವತ್ತಿಂದ ನೀರು ಗಡಸು. ಬೇಳೆ ಬೇಯಲ್ಲ. ಕುಕ್ಕರ್ ಎಷ್ಟು ಕೂಗಿದ್ರೂ ಕಲ್ಲು ಕಲ್ಲು. ನದಿ ಹರಿಸೋಕೆ ಹೋಗಿ ಸಾರಿಗೆ ಸೊನ್ನೆ."

ನಾನು ನೀಲಿ ಪಟ್ಟಿ ಮುಟ್ಟಿ ನೋಡಿದೆ. ನನ್ನ ಬಾಯಿಂದ ಬಂದದ್ದು ಇಷ್ಟೇ: "ಇದು ನೀಲಿ ಇರಬಾರದು, ಸುಮಿ. ಒಣ ನದಿ. ಪಟದಾಗ ಕಪ್ಪು."

"ಹಬ್ಬದಾಗ ಕರೀ ಅರಿವಿ ಹಾಸಿದ್ರ ಅತ್ತೆ ನನ್ನ ಒಯ್ದು ಆ ಅಸ್ಥಿಪಂಜರದ ಬಾಜೂಕ ಕೂಡಸ್ತಾರ."

ಎಲ್ಲರೂ ನಕ್ಕರು. ಹುಡುಕಿದರೆ ಸಿಕ್ಕ ತಪ್ಪು ಅದೊಂದೇ ಎಂಬುದು ನನಗೆ ಗೊತ್ತಿತ್ತು. ಉಳಿದದ್ದೆಲ್ಲ ಸರಿಯಾಗಿತ್ತು. ಉಪನದಿಗಳು ಸರಿಯಾದ ಕಡೆಯಿಂದ ಬಂದು ಸೇರುತ್ತಿದ್ದವು. ನಾನು ಪುಸ್ತಕವೊಂದರಲ್ಲಿ ಹಿಡಿಯಲು ಹೆಣಗಿದ್ದನ್ನು ಅವಳು ಅತ್ತೆಯ ನಿಯಮಗಳ ಒಳಗೇ, ರಾಜ ರಾಣಿಯನ್ನು ಒಂದಿಂಚೂ ಕದಲಿಸದೆ, ಇಳಿಸಿಬಿಟ್ಟಿದ್ದಳು.

ವಿಕ್ಸಮ್, ಆಯುಧಪೂಜೆ

ಬೆಳಿಗ್ಗೆ ಶಾರದಮ್ಮ ಎರಡು ಕಾರು, ಹುಲ್ಲು ಕತ್ತರಿಸುವ ಯಂತ್ರ, ಹಿಮ ತಳ್ಳುವ ಯಂತ್ರ ಎಲ್ಲಕ್ಕೂ ಕುಂಕುಮವಿಟ್ಟರು. ನೀರು ಮೆದು ಮಾಡುವ ಯಂತ್ರಕ್ಕೂ ಇಟ್ಟರು, "ಪಾಪ, ಇದು ಉಪವಾಸ ಇದೆ," ಎನ್ನುತ್ತಾ.

ಸಂಜೆ ಹೆಂಗಸರು ಬಂದರು. ಶೂಗಳನ್ನು ಗ್ಯಾರೇಜಿನಲ್ಲಿ ಬಿಟ್ಟು, ರೇಷ್ಮೆ ಸೀರೆಯ ಮೇಲೆ ಹಾಕಿಕೊಂಡಿದ್ದ ಕೋಟು ತೆಗೆದು, ಬೇಸ್‌ಮೆಂಟಿಗೆ ಇಳಿದರು. ಅವರಲ್ಲಿ ಕೆಲವರು ಮೊದಲ ದಿನಗಳಲ್ಲೇ ಬಂದು ಹೋದವರು. ಬಟ್ಟಲಿನ ಮುಂದೆ ಬಗ್ಗಿ, "ಮೊನ್ನೆ ಇಷ್ಟೇ ಇತ್ತಲ್ಲ, ಸುಮಂಗಲಾ? ಎಷ್ಟು ಬೆಳೆದಿದೆ!" ಎಂದರು. ನನ್ನ ಪ್ರಬಂಧವನ್ನು ಯಾರೂ ಎರಡನೇ ಸಲ ನೋಡಲು ಬಂದಿಲ್ಲ.

ಹಾಡಿನ ಸರದಿ ನನ್ನ ತನಕ ಬಂತು. ಬರುವುದಿಲ್ಲ ಎಂದೆ. "ಹಾಡದಿದ್ರೆ ನದಿ ಬಗ್ಗೆ ಹೇಳಲಿ, ಇವಳದೇ ಅಲ್ವಾ ಅರ್ಧ ನದಿ," ಎಂದರು ಶಾರದಮ್ಮ. ಸುಮಂಗಲಾ ಉಸಲಿ ತರಲು ಮೇಲೆ ಹೋಗಿದ್ದಳು. ನಾನು ಎದ್ದು ನಿಂತು ಮೇಲಿನ ಮೆಟ್ಟಿಲುಗಳಿಂದ ಶುರುಮಾಡಿದೆ. ಬೆಟ್ಟದ ಕಲ್ಲಿನ ಬಗೆ ಹೇಳಿದೆ, ಮಳೆಯ ಲೆಕ್ಕ ಹೇಳಿದೆ, ಬಾವಿಗಳ ಆಳ ಹೇಳಿದೆ. ಎಲ್ಲವೂ ನಿಜ. ಎದುರಿಗಿದ್ದವರು ನನ್ನನ್ನು ನೋಡುತ್ತಲೇ ಕಿವಿಯೋಲೆ ಸರಿಮಾಡಿಕೊಂಡರು. ಯಾರದೋ ಫೋನು ಬೆಳಗಿ ಆರಿತು.

ಇಳಕಲ್ ಸೀರೆ ಉಟ್ಟ ಒಬ್ಬರು ಕೇಳಿದರು, "ಕಡೀಕ ಎಲ್ಲಿ ಹೋಗಿ ಮುಗೀತದರಿ ಇದು?"

ಕೊನೆಗೂ ಯಾರೋ ಕೇಳಿದರು ಎಂಬುದು ಒಂದು. ಕೇಳಿದ್ದು ಮತ್ತದೇ ಎಂಬುದು ಇನ್ನೊಂದು. ನಾನು ಕೊನೆಯ ಮೆಟ್ಟಿಲಿನ ಹತ್ತಿರ ಬಂದೆ.

"ಮುಗಿಯೋದು ಗೊತ್ತೇ ಆಗೋದಿಲ್ಲ," ಎಂದೆ. "ಎರಡು ದಂಡೆ ನಡುವೆ ನಡೀತಿದ್ದೀವಿ ಅಂತಲೇ ಅಂದುಕೊಂಡಿರ್ತೀವಿ. ದಂಡೆ ಸಣ್ಣದಾಗ್ತಾ ಹೋಗುತ್ತೆ. ನಾವು ನೆಲ ನೋಡ್ತಾ ಇದ್ವಿ, ಉಪ್ಪಿನ ಹಕ್ಕಳೆ ಕಾಲಡಿ ಮುರೀತಿತ್ತು. ಒಮ್ಮೆ ಹಿಂದೆ ತಿರುಗಿ ನೋಡಿದಾಗ ದಂಡೆಯೇ ಇರಲಿಲ್ಲ. ನದಿ ಎಲ್ಲೋ ಹಿಂದೆ ನಮ್ಮನ್ನ ಬಿಟ್ಟು ಹೋಗಿತ್ತು."

ಫೋನು ಹಿಡಿದವರೂ ತಲೆ ಎತ್ತಿದ್ದರು. "ಅಯ್ಯೋ, ಮೈ ಝುಂ ಅಂತು ನೋಡ್ರಿ," ಎಂದರು ಇಳಕಲ್ ಸೀರೆಯವರು. ನನ್ನ ಮುಖ ಬಿಸಿಯಾಯಿತು, ಸುಖದಿಂದ.

ಆಗ ಕಂಡೆ. ಸುಮಂಗಲಾ ಬೇಸ್‌ಮೆಂಟಿನ ಮೆಟ್ಟಿಲ ನಡುವೆ, ಕಡಲೆ ಉಸಲಿಯ ತಟ್ಟೆ ಹಿಡಿದು ನಿಂತಿದ್ದಳು. ನಾನು ಹೇಳಿದ ಒಂದೊಂದು ಮಾತೂ ಅವಳದು. ಬಾರ್ಮೇರಿನ ಹತ್ತಿರದ ಒಂದು ಹಳ್ಳಿಯಿಂದ, ಸಿಗ್ನಲ್ ಸಿಗುವ ದಿಬ್ಬ ಹತ್ತಿ, ಅವಳು ನನಗೆ ಫೋನಿನಲ್ಲಿ ಹೇಳಿದ್ದು. ನನ್ನದು ಅಂತ ಇದ್ದದ್ದು "ನಾವು" ಎಂಬುದು ಮಾತ್ರ.

ಅವಳು ಇಳಿದು ಬಂದಳು. "ಉಸಲಿ ತಗೊಳ್ರಿ, ಬಿಸಿ ಐತಿ," ಎಂದು ಒಬ್ಬೊಬ್ಬರಿಗೂ ಕೊಟ್ಟಳು. ನನಗೂ ಕೊಟ್ಟಳು. ಗಡಸು ನೀರಿನಲ್ಲಿ ಕಡಲೆ ಸರಿಯಾಗಿ ಬೆಂದಿರಲಿಲ್ಲ.

ವಿಕ್ಸಮ್, ವಿಜಯದಶಮಿ

ಮಧ್ಯಾಹ್ನ ಊಟವಾದ ಮೇಲೆ ಸುಮಂಗಲಾ, "ಬಾ, ಅಡ್ಡಾಡಿ ಬರೂಣು," ಎಂದಳು. ಗಾಳಿ ತಣ್ಣಗಿತ್ತು. ಕಾಲುದಾರಿ ಮನೆಗಳ ಮುಂದೆ ಹಾದು ಒಂದು ಸಣ್ಣ ಕೊಳವನ್ನು ಸುತ್ತಿ ಮತ್ತೆ ಅಲ್ಲಿಗೇ ಬರುತ್ತದೆ. ನಾವಿಬ್ಬರೂ ಜೊತೆಯಾಗಿ ನಡೆದು ಬಹಳ ವರ್ಷವಾಗಿತ್ತು. ಅವಳು ಈಗಲೂ ನನಗಿಂತ ಅರ್ಧ ಹೆಜ್ಜೆ ಮುಂದೆ.

"ನಿನ್ನೆ ಛಲೋ ಹೇಳಿದಿ," ಎಂದಳು.

"ಯಾವುದು?"

"ರಣ್. ನಾನು ಮತ್ತೊಮ್ಮೆ ಹೋಗಿ ಬಂದಂಗ ಆತು. ಆದ್ರ ಆವಾಗ ನೀನೂ ನನ್ನ ಕೂಡ ಇದ್ದಿ ಅನ್ನೂದು ನನಗ ಗೊತ್ತs ಇರಲಿಲ್ಲ ನೋಡು."

ಕುರ್ಚಿಯ ಅಸ್ಥಿಪಂಜರದ ಮುಂದೆ ಹಾದೆವು. ಯಾರೋ ಅದಕ್ಕೆ ಮಫ್ಲರ್ ಸುತ್ತಿದ್ದರು.

"ಪುಸ್ತಕದಾಗೂ ಹಂಗs ಬರದೀ ಏನು?"

"ನಾವು ಅಂತ ಬರದಿಲ್ಲ."

"ಸುಮಂಗಲಾ ಅಂತ?"

"ಮುನ್ನುಡಿಯಾಗ ಐತಿ. ಉಪಕಾರ ಸ್ಮರಣೆಯಾಗ."

"ಹೂಂ. ನಿಮ್ಮ ಪ್ರಿಂಟಿಂಗ್ ಪ್ರೆಸ್ಸಿನವರ ಹೆಸರಿನ ಬಾಜೂಕ." ಅವಳು ನಕ್ಕಳು, ಈ ಸಲ ಸುತ್ತ ಯಾರೂ ತಿರುಗಿ ನೋಡುವಂತಿರಲಿಲ್ಲ.

ಕೇಳಬೇಕಾದ ಮಾತನ್ನು ನಾನು ಅಲ್ಲೇ ಕೇಳಿದೆ. "ನಾನು ನಿನ್ನ ಒಪ್ಪಿಗಿ ಕೇಳಾಕs ಬಂದೀನಿ, ಸುಮಿ. ಆ ಅಧ್ಯಾಯಕ್ಕ. ನಕ್ಷಾ ನಾಳೆ ಕಳಸಬೇಕು."

ಅವಳು ಕೊಳದ ಹತ್ತಿರ ನಿಂತಳು. ನಾನು ಬೈಗುಳಕ್ಕೆ ಸಿದ್ಧಳಾಗಿದ್ದೆ. ಅದು ಬಂದಿದ್ದರೆ ಸಲೀಸಾಗಿತ್ತು.

"ತಗೋ. ಫೋಟೋ ತಗೋ, ಬರದದ್ದು ತಗೋ, ನಿನ್ನ ಹೆಸರಿನಾಗ ಹಾಕು. ಇಲ್ಲೆ ಕುಂತು ನಾ ಅದನ್ನ ಏನ್ ಮಾಡ್ಲಿ? ನನಗೇನೂ ಸಿಟ್ಟಿಲ್ಲ." ನನ್ನ ಕಡೆ ತಿರುಗಿ ಹೇಳಿದಳು, "ಆದ್ರ ವೀಣಾ, ನೋಡಿದಾಕಿ ನಾನು. ಅದನ್ನಷ್ಟು ಬಿಡು ನನಗ. ವರ್ಷಕ್ಕೊಮ್ಮೆ ಗೊಂಬಿ ಇಟ್ಟಾಗ ಮಂದಿ ಕೇಳ್ತಾರ, ನೀವು ಖರೇನ ಅಲ್ಲಿ ಹೋಗಿದ್ರೇನು ಅಂತ. ಹೂಂ ಅಂತೀನಿ. ಅಷ್ಟ ನಂದು."

ಅವಳ ಒಪ್ಪಿಗೆ ಸಿಕ್ಕಿತ್ತು. ನಾನು ಕೇಳಿದ್ದೆಲ್ಲವೂ ಸಿಕ್ಕಿತ್ತು. ಬೇಕಾಗಿದ್ದದ್ದು ಅದಲ್ಲ ಎಂದು ಆಗ ತಿಳಿಯಿತು. ನನಗೆ ಬೇಕಿದ್ದದ್ದು ಅವಳ ಅಧ್ಯಾಯವಲ್ಲ, ಆ ಮಧ್ಯಾಹ್ನ, ಆ ಹಕ್ಕಳೆ ಮುರಿಯುವ ಸದ್ದು, ತಿರುಗಿ ನೋಡಿದ ಆ ಕ್ಷಣ. ಅದನ್ನು ಅವಳು ಕೊಡುವ ಹಾಗಿರಲಿಲ್ಲ, ಕೊಡುವ ಮನಸ್ಸಿದ್ದರೂ. ಮಿಕ್ಕದ್ದನ್ನು ಇಷ್ಟು ಸುಲಭವಾಗಿ ಕೊಟ್ಟಳಲ್ಲ ಎಂದು ಹೊಟ್ಟೆಯುರಿ ಇನ್ನೂ ಹೆಚ್ಚಾಯಿತು.

"ಥಂಡಿ ಆತು, ನಡೀ," ಎಂದಳು. ಮತ್ತೆ ಅರ್ಧ ಹೆಜ್ಜೆ ಮುಂದೆ ನಡೆದಳು.

ಸಂಜೆ ಆರತಿಯಾದ ಮೇಲೆ ಶಾರದಮ್ಮ ಪಟ್ಟದ ರಾಜ ರಾಣಿಯನ್ನು ಮೆಲ್ಲಗೆ ಮಲಗಿಸಿದರು. ಹಬ್ಬ ಮುಗಿಯಿತೆಂದು ಗೊಂಬೆಗಳಿಗೆ ಹಾಗೆ ತಿಳಿಸುವುದಂತೆ. ಮಲಗಿದ ರಾಜನ ಪಾದದ ಹತ್ತಿರದಿಂದಲೇ ನೀಲಿ ಪಟ್ಟಿ ಹೊರಡುತ್ತಿತ್ತು. ಹಾಡಿದವರು ಯಾರೂ ಇರಲಿಲ್ಲ, ಮನೆಯವರಷ್ಟೇ. ನಾನು ಒಂಟೆಯೊಂದನ್ನು ಮಲಗಿಸಲು ಹೋದೆ. ಅದರ ಕಾಲು ಮಡಚುವಂಥದ್ದಾಗಿರಲಿಲ್ಲ.

ಮರುದಿನ ಬೆಳಿಗ್ಗೆ

ಬೇಳೆ ಬೇಯಬೇಕಿದ್ದರಿಂದ ಶಾರದಮ್ಮ ನಮ್ಮಿಬ್ಬರನ್ನೂ ಕಾಫಿಗೆ ಮೊದಲೇ ಬೇಸ್‌ಮೆಂಟಿಗೆ ಕಳಿಸಿದರು. ಸುಮಂಗಲಾ ಕೊನೆಯ ಮೆಟ್ಟಿಲಿನ ಉಪ್ಪನ್ನು ಬಕೆಟ್ಟಿಗೆ ಬಾಚಿ ನನ್ನ ಕಡೆ ಚಾಚಿದಳು. ನಾನು ಕೈ ಮುಂದೆ ಮಾಡಿದೆ.

"ಕೈಯಿಂದ ಕೈಗೆ ಉಪ್ಪು ಕೊಡ್ಬಾರ್ದು ಕಣ್ರೇ!" ಮೇಲಿನಿಂದ ಶಾರದಮ್ಮನವರ ದನಿ. "ಜಗಳ ಬರತ್ತೆ. ಕೆಳಗಿಡು, ಅವಳು ಎತ್ಕೊಳ್ಳಲಿ."

ಸುಮಂಗಲಾ ನನ್ನ ಮುಖ ನೋಡಿದಳು. ಬಕೆಟ್ ಕೆಳಗಿಟ್ಟು ಒಂದು ಹೆಜ್ಜೆ ಹಿಂದೆ ಸರಿದಳು. ನಾನು ಎತ್ತಿಕೊಂಡು ಹೋಗಿ ಯಂತ್ರದ ಟ್ಯಾಂಕಿಗೆ ಸುರಿದೆ. ಹಾಗೆ ಅವಳು ಇಡುತ್ತಾ, ನಾನು ಎತ್ತುತ್ತಾ, ರಣ್‌ನಿಂದ ಬಾಲೋತ್ರಾದವರೆಗೆ ನದಿಯ ಕೆಳಭಾಗವನ್ನೆಲ್ಲ ಟ್ಯಾಂಕಿಗೆ ತುಂಬಿದೆವು. ಬಟ್ಟಲಿನ ಮುಳ್ಳುಕಡ್ಡಿಯನ್ನು ಮಾತ್ರ ಅವಳು ತೆಗೆದು ಕಿಟಕಿಯಲ್ಲಿ ಒಣಗಲು ಇಟ್ಟಳು. ಅದನ್ನು ನನಗೆ ಕೊಡುತ್ತಾಳೇನೋ ಎಂದು ಕಾದೆ. ಕೊಡಲಿಲ್ಲ.

ಆಮೇಲೆ ಕಾಫಿ ಹಿಡಿದು ಅತಿಥಿಗಳ ಕೋಣೆಗೆ ಹೋಗಿ ಭೂಪಟ ತೆರೆದೆ. ಬಾಲೋತ್ರಾದಿಂದ ಕೆಳಗಿನ ಗೆರೆಯನ್ನು ಆಯ್ದು, ಅಳಿಸಿ, ಅದರ ಜಾಗದಲ್ಲಿ ಚುಕ್ಕೆಗಳನ್ನಿಟ್ಟೆ. ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದೆ: ಚುಕ್ಕೆ ಗೆರೆಯ ಭಾಗಕ್ಕೆ ಲೇಖಕಿ ಹೋಗಿಲ್ಲ, ನಡೆದು ನೋಡಿದ ಸುಮಂಗಲಾ ಹೇಳಿದ್ದನ್ನು ಕೇಳಿ ಎಳೆದದ್ದು. ಕೊನೆಯ ಅಧ್ಯಾಯದ ತಲೆಯ ಮೇಲೂ ಅವಳ ಹೆಸರು ಹಾಕಿದೆ. ಎರಡು ಸಲ ಓದಿದೆ. ಸರಿಯಾಗಿತ್ತು.

ಪ್ರಕಾಶಕರಿಗೆ ಕಳಿಸುವ ಮೊದಲು, ಬಾಲೋತ್ರಾದಿಂದ ಮೇಲಿನ, ನಾನು ನಡೆದ ಭಾಗದ ಕಪ್ಪು ಗೆರೆಯನ್ನು ಒಂದಿಷ್ಟು ದಪ್ಪ ಮಾಡಿದೆ.